ರೋಗಿಯ ಮಾತಿಗೆ ಎಷ್ಟು ನಿಮಿಷ?



ಚಿಕ್ಕಬಾಣಾವರವು ಬೆಂಗಳೂರು–ತುಮಕೂರು ರೈಲುಮಾರ್ಗದ ಒಂದು ಚಿಕ್ಕ ನಿಲ್ದಾಣವೆಂದೇ ಬಹುಕಾಲ ಪರಿಚಿತವಾಗಿತ್ತು. ಇಂದು ಅದರ ಸುತ್ತಮುತ್ತ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು, ಹೆಸರಘಟ್ಟ ರಸ್ತೆಯ ಕಾಲೇಜುಗಳ ವಿದ್ಯಾರ್ಥಿಗಳು, ದೂರದ ಜಿಲ್ಲೆಗಳಿಂದ ಬಂದು ಬಾಡಿಗೆ ಮನೆ ಹಿಡಿದವರು ನೆಲೆಸಿದ್ದಾರೆ. ಊರು ಬೆಳೆದಂತೆ ಆಸ್ಪತ್ರೆ, ಲ್ಯಾಬ್, ಮೆಡಿಕಲ್ ಸ್ಟೋರುಗಳೂ ಬೆಳೆದಿವೆ. ಆದರೆ ಅಜ್ಜಿಯ ಮಂಡಿನೋವನ್ನೂ ಮೊಮ್ಮಗುವಿನ ಕೆಮ್ಮನ್ನೂ ಒಟ್ಟಿಗೆ ಬಲ್ಲ, ಕುಳ್ಳಿರಿಸಿಕೊಂಡು ಕೇಳುವ ಮನೆಯ ವೈದ್ಯರು ವಿರಳವಾಗುತ್ತಿದ್ದಾರೆ. ಹಿರಿಯ ವೈದ್ಯರೊಬ್ಬರು ನಿವೃತ್ತರಾದರೆ ಅವರ ಕ್ಲಿನಿಕ್ಕಿನ ಬಾಗಿಲು ಮುಚ್ಚುತ್ತದೆ. ಅವರ ನೆನಪಿನಲ್ಲಿದ್ದ ನೂರಾರು ಮನೆಗಳ ಆರೋಗ್ಯದ ಚರಿತ್ರೆಯೂ ಅದರೊಡನೆ ಮುಚ್ಚಿಹೋಗುತ್ತದೆ.

ಈ ನಷ್ಟವನ್ನು ನಾವು ಸೌಜನ್ಯದ ಕೊರತೆ ಎಂದಷ್ಟೇ ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಚಿಕಿತ್ಸೆಯದೇ ನಷ್ಟ.

ಪ್ರಶ್ನೆಯೂ ಒಂದು ಪರೀಕ್ಷೆ

ಆಯುರ್ವೇದವು ರೋಗಿಯನ್ನು ಅರಿಯಲು ಮೂರು ದಾರಿಗಳನ್ನು ಹೇಳುತ್ತದೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡುವುದು, ಮುಟ್ಟುವುದು, ಕೇಳುವುದು. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಬರುವ ದಶವಿಧ ಪರೀಕ್ಷೆಯಲ್ಲಿ ರೋಗಿಯ ಪ್ರಕೃತಿ, ಒಗ್ಗಿದ ಆಹಾರ, ಮನೋಬಲ, ಜೀರ್ಣಶಕ್ತಿ, ದುಡಿಯುವ ಶಕ್ತಿ, ವಯಸ್ಸು ಇವೆಲ್ಲವೂ ಸೇರಿವೆ. ಇವುಗಳಲ್ಲಿ ಬಹುಪಾಲನ್ನು ಯಾವ ಯಂತ್ರವೂ ಹೇಳಲಾರದು. ರೋಗಿಯ ಬಾಯಿಂದಲೇ ಬರಬೇಕು.

ಆಧುನಿಕ ವೈದ್ಯಶಾಸ್ತ್ರವೂ ಇದೇ ಮಾತನ್ನು ಅಳೆದು ತೋರಿಸಿದೆ. 1975ರಲ್ಲಿ ಇಂಗ್ಲೆಂಡಿನ ವೈದ್ಯರು ಹೊರರೋಗಿ ವಿಭಾಗಕ್ಕೆ ಬಂದ 80 ಮಂದಿಯನ್ನು ಕುರಿತು ಅಧ್ಯಯನ ನಡೆಸಿದರು. ಅವರಲ್ಲಿ 66 ಮಂದಿಯ ರೋಗನಿರ್ಣಯಕ್ಕೆ ರೋಗದ ವೃತ್ತಾಂತವೇ ಸಾಕಾಗಿತ್ತು. ದೇಹಪರೀಕ್ಷೆಯಿಂದ ನಿರ್ಣಯ ಬದಲಾದದ್ದು 7 ಮಂದಿಯಲ್ಲಿ. ಪ್ರಯೋಗಾಲಯದ ಪರೀಕ್ಷೆಗಳಿಂದ ಬದಲಾದದ್ದು ಇನ್ನು 7 ಮಂದಿಯಲ್ಲಿ. ಅಂದಿನಿಂದ ಯಂತ್ರಗಳು ಬಹಳ ಮುಂದುವರಿದಿವೆ. ಆದರೂ ಯಾವ ಯಂತ್ರದ ಕಡೆಗೆ ರೋಗಿಯನ್ನು ಕಳುಹಿಸಬೇಕೆಂಬುದನ್ನು ಇಂದಿಗೂ ಮಾತೇ ತಿಳಿಸಬೇಕು.

ಆದರೆ ಮಾತಿಗೆ ಸಿಗುವ ಕಾಲವೆಷ್ಟು? 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ ಸುಮಾರು 22 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ದೇಶದಲ್ಲಿ ಸುಮಾರು 2 ನಿಮಿಷ.

"ರೋಗಿಗಳು ಮಾತು ನಿಲ್ಲಿಸುವುದೇ ಇಲ್ಲ, ಏನು ಮಾಡುವುದು?" ಎಂದು ವೈದ್ಯಮಿತ್ರರು ಕೇಳುವುದುಂಟು. ಅಮೆರಿಕದಲ್ಲಿ 1984ರಲ್ಲಿ ನಡೆದ ಅಧ್ಯಯನವೊಂದು, ವೈದ್ಯರು ಸರಾಸರಿ 18 ಸೆಕೆಂಡುಗಳಲ್ಲೇ ರೋಗಿಯ ಮಾತನ್ನು ತಡೆಯುತ್ತಾರೆಂದು ಕಂಡಿತು. ತಡೆಯದಿದ್ದರೆ ಏನಾಗುತ್ತದೆ? ಸ್ವಿಟ್ಜರ್ಲೆಂಡಿನಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಪ್ರಕಟವಾಯಿತು: ತಾವಾಗಿಯೇ ಮುಗಿಸಲು ಬಿಟ್ಟಾಗ ರೋಗಿಗಳು ಮಾತನಾಡಿದ್ದು ಸರಾಸರಿ 92 ಸೆಕೆಂಡು ಮಾತ್ರ. ಒಂದೂವರೆ ನಿಮಿಷದ ಮೌನಕ್ಕೆ ಇಷ್ಟೊಂದು ಫಲವಿದೆ.

ಅವಸರದಲ್ಲಿ ತಪ್ಪಿಹೋಗುವುದೇನು?

ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಕಾಣುವ ಎರಡು ಉದಾಹರಣೆಗಳನ್ನು ಗಮನಿಸಿ.

ರಾತ್ರಿ ಪಾಳಿಯಲ್ಲಿ ದುಡಿಯುವ ಕಾರ್ಮಿಕನೊಬ್ಬ ಎದೆಯುರಿ, ಹೊಟ್ಟೆಯುರಿ ಎಂದು ಬರುತ್ತಾನೆ. ಎರಡು ನಿಮಿಷದಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳುಹಿಸಬಹುದು. ಐದು ನಿಮಿಷ ಹೆಚ್ಚು ಕುಳಿತು ಕೇಳಿದರೆ ಬೇರೆಯೇ ಕಥೆ ಹೊರಬರುತ್ತದೆ: ದಿನವಿಡೀ ನಿಂತು ಕೆಲಸ ಮಾಡಿ ಸೊಂಟನೋವು, ಅದಕ್ಕೆ ಅಂಗಡಿಯಿಂದ ಕೇಳಿ ತಂದ ನೋವಿನ ಮಾತ್ರೆ, ಅದನ್ನು ನುಂಗುವುದು ಬರಿಯ ಚಹದ ಜೊತೆ, ಖಾಲಿ ಹೊಟ್ಟೆಯಲ್ಲಿ. ನೋವಿನ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಒಸರಬಹುದು. ಮಲ ಡಾಂಬರಿನಂತೆ ಕಪ್ಪಗಾಗಿದೆಯೇ ಎಂಬ ಒಂದು ಪ್ರಶ್ನೆ ಕೇಳದಿದ್ದರೆ ಆತ ಒಂದು ದಿನ ಯಂತ್ರದ ಮುಂದೆಯೇ ಕುಸಿಯಬಹುದು.

ಎರಡನೆಯದು ಹಿರಿಯರದು. ತಂದೆಗೆ ರಕ್ತದೊತ್ತಡಕ್ಕೆ ಒಬ್ಬ ವೈದ್ಯರು, ಮಧುಮೇಹಕ್ಕೆ ಇನ್ನೊಬ್ಬರು, ಮಂಡಿಗೆ ಮತ್ತೊಬ್ಬರು. ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಚೀಟಿಗಳಲ್ಲಿ ಬಂದಿರುತ್ತದೆ. ಅವರು ಎರಡನ್ನೂ ಶ್ರದ್ಧೆಯಿಂದ ನುಂಗುತ್ತಾರೆ. ಬೆಳಗಿನ ಜಾವ ಎದ್ದು ನಿಂತೊಡನೆ ತಲೆ ತಿರುಗಿ ಬೀಳುತ್ತಾರೆ. ತೊಡೆಯ ಮೂಳೆ ಮುರಿಯುತ್ತದೆ. ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರಡಿ ನೋಡುವ ಒಬ್ಬರಿದ್ದಿದ್ದರೆ ಈ ಕಷ್ಟ ತಪ್ಪುತ್ತಿತ್ತು.

ಸಮಯದ ಬೆಲೆಯನ್ನು ಯಾರು ಕೊಡುವರು?

ವೈದ್ಯರನ್ನು ದೂರುವ ಮೊದಲು ಒಂದು ಸರಳ ಲೆಕ್ಕವನ್ನು ನೋಡೋಣ. ಸಂಜೆ ಐದರಿಂದ ಒಂಬತ್ತರವರೆಗೆ ಕ್ಲಿನಿಕ್ ಎಂದರೆ 240 ನಿಮಿಷ. ಒಬ್ಬರಿಗೆ 4 ನಿಮಿಷ ಕೊಟ್ಟರೆ 60 ಮಂದಿ; 10 ನಿಮಿಷ ಕೊಟ್ಟರೆ 24 ಮಂದಿ. ಶುಲ್ಕ 100 ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯವರ ಸಂಪಾದನೆ 6,000, ಎರಡನೆಯವರದು 2,400. ಮಳಿಗೆಯ ಬಾಡಿಗೆ, ಸಹಾಯಕಿಯ ಸಂಬಳ, ವಿದ್ಯುತ್ತಿನ ಬಿಲ್ಲು ಇಬ್ಬರಿಗೂ ಒಂದೇ.

ಹೀಗಾಗಿ ನಿಧಾನವಾಗಿ ನೋಡುವ ವೈದ್ಯರು ಶುಲ್ಕವನ್ನು ಹೆಚ್ಚಿಸಬೇಕು, ಇಲ್ಲವೇ ಕಡಿಮೆ ಆದಾಯಕ್ಕೆ ಒಪ್ಪಬೇಕು. ಮೂರನೆಯ ದಾರಿಯೊಂದಿದೆ, ಅದು ಅಪಾಯಕರ. ಶುಲ್ಕ ಕಡಿಮೆ ಇರಿಸಿ, ಬೇಕಿಲ್ಲದ ಇಂಜೆಕ್ಷನ್, ಗ್ಲೂಕೋಸ್ ಬಾಟಲಿ, ಸ್ಕ್ಯಾನಿಂಗುಗಳಿಂದ ಆ ಕೊರತೆಯನ್ನು ತುಂಬಿಕೊಳ್ಳುವುದು. ಮಾತಿಗೆ ಹಣ ಕೊಡಲು ಹಿಂಜರಿಯುವ ನಾವು ಬಾಟಲಿಗೆ ಸಂತೋಷದಿಂದ ಕೊಡುತ್ತೇವೆ. "ಡಾಕ್ಟರು ಏನೂ ಕೊಡಲಿಲ್ಲ, ಸುಮ್ಮನೆ ಮಾತಾಡಿ ಕಳಿಸಿದರು" ಎಂದು ಮನೆಗೆ ಬಂದು ಗೊಣಗುವವರೂ ನಾವೇ. ಸಿಗದ ಸಮಯದ ಬೆಲೆಯನ್ನು ಬೇಡದ ಔಷಧದ ರೂಪದಲ್ಲಿ ತೆತ್ತಂತಾಗುತ್ತದೆ.

ನಮ್ಮ ನಾಡಿನಲ್ಲಿ ಈ ಲೆಕ್ಕವನ್ನೇ ಮೀರಿದವರಿದ್ದಾರೆ. ಮಂಡ್ಯದ ಚರ್ಮರೋಗ ತಜ್ಞ ಡಾ. ಎಸ್.ಸಿ. ಶಂಕರೇಗೌಡರು ದಶಕಗಳ ಕಾಲ ಐದೇ ರೂಪಾಯಿ ಶುಲ್ಕ ಪಡೆದು "ಐದು ರೂಪಾಯಿ ಡಾಕ್ಟರ್" ಎಂದೇ ಹೆಸರಾದರು. ನಮ್ಮಿಂದ ತುಮಕೂರು ರಸ್ತೆಯಲ್ಲಿ ಸಾಗಿದರೆ ಸಿಗುವ ನೆಲಮಂಗಲ ತಾಲ್ಲೂಕಿನ ಟಿ. ಬೇಗೂರಿನಲ್ಲಿ ಹೃದ್ರೋಗ ತಜ್ಞ ಡಾ. ಬಿ. ರಮಣ ರಾವ್ ಅವರು 1973ರಿಂದ ಭಾನುವಾರಗಳಂದು ಹಳ್ಳಿಗರಿಗಾಗಿ ಉಚಿತ ಚಿಕಿತ್ಸಾಲಯ ನಡೆಸಿಕೊಂಡು ಬಂದರು; 2010ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇವರ ಸೇವೆಗೆ ತಲೆಬಾಗಬೇಕು. ಆದರೆ ಬಾಡಿಗೆ ಕಟ್ಟಿ ಈಗಷ್ಟೇ ಕ್ಲಿನಿಕ್ ತೆರೆದ ತರುಣ ವೈದ್ಯೆಯಿಂದ ಇದನ್ನೇ ನಿರೀಕ್ಷಿಸುವುದು ನ್ಯಾಯವಲ್ಲ.

ಇಲ್ಲಿ ಶರಣರ ಕಾಯಕತತ್ತ್ವ ನಮಗೆ ದಾರಿ ತೋರುತ್ತದೆ. ಬಸವಾದಿ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ವೈದ್ಯವೃತ್ತಿಯೇ ಅವರ ಕಾಯಕವಾಗಿತ್ತು. ಸತ್ಯಶುದ್ಧ ಕಾಯಕಕ್ಕೆ ನ್ಯಾಯವಾದ ಪ್ರತಿಫಲ ಪಡೆಯುವುದು ದೋಷವಲ್ಲ. ಮಾಡಿದ ಕೆಲಸಕ್ಕೆ ತಕ್ಕ ಶುಲ್ಕವನ್ನು ಬಹಿರಂಗವಾಗಿ ಪಡೆದು, ಇಲ್ಲದವರನ್ನು ಅದರಿಂದಲೇ ನೋಡಿಕೊಳ್ಳುವುದು ವೈದ್ಯನ ದಾಸೋಹ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವೂ ಕ್ಲಿನಿಕ್ಕುಗಳು ನೋಂದಣಿ ಮಾಡಿಸಿಕೊಂಡು ದರಪಟ್ಟಿಯನ್ನು ಕಾಣುವಂತೆ ಹಾಕಬೇಕೆನ್ನುತ್ತದೆ. ಗೋಡೆಯ ಮೇಲೆ ಅದನ್ನು ಹುಡುಕಿ ನೋಡಿ. ಕೇಳಲು ಸಂಕೋಚ ಬೇಡ.

ಒಬ್ಬರನ್ನೇ ನೆಚ್ಚುವುದರ ಫಲ

ನಾರ್ವೆ ದೇಶದಲ್ಲಿ ಪ್ರತಿಯೊಬ್ಬರ ಹೆಸರೂ ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿರುತ್ತದೆ. ಅಲ್ಲಿನ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಇದ್ದವರನ್ನು ಒಂದು ವರ್ಷವಷ್ಟೇ ಇದ್ದವರೊಡನೆ ಹೋಲಿಸಿತು. ಮೊದಲಿನವರಲ್ಲಿ ಆಸ್ಪತ್ರೆಗೆ ದಾಖಲಾಗುವುದೂ ಮರಣವೂ ಸುಮಾರು ಕಾಲು ಭಾಗದಷ್ಟು ಕಡಿಮೆಯಿತ್ತು. ಇದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೂ ನಮ್ಮ ಹಿರಿಯರು ಒಂದೇ ವೈದ್ಯರನ್ನು ನೆಚ್ಚಿಕೊಂಡಿದ್ದುದರಲ್ಲಿ ಅರ್ಥವಿತ್ತೆಂಬುದನ್ನು ಅದು ಸೂಚಿಸುತ್ತದೆ. ಹಳೆಯ ರೋಗಿಗೆ ಹತ್ತು ನಿಮಿಷವೂ ಬೇಕಾಗದು. ಐದು ವರ್ಷದ ಪರಿಚಯವೇ ಆ ಐದು ನಿಮಿಷಕ್ಕೆ ಬಲ ಕೊಡುತ್ತದೆ.

ರೋಗಿಯ ಪಾತ್ರ

ಚರಕರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತಾರೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವರು, ರೋಗಿ. ರೋಗಿಗಿರಬೇಕಾದ ನಾಲ್ಕು ಗುಣಗಳಲ್ಲಿ ಒಂದು ಜ್ಞಾಪಕತ್ವ, ಎಂದರೆ ತನ್ನ ರೋಗವನ್ನು ಸರಿಯಾಗಿ ತಿಳಿಸಬಲ್ಲ ಶಕ್ತಿ. ಅದಕ್ಕೆ ನಾವು ಹೀಗೆ ಸಿದ್ಧರಾಗಬಹುದು:

• ಯಾವಾಗಿನಿಂದ, ಎಲ್ಲಿ, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ ಎಂಬುದನ್ನು ನಾಲ್ಕು ಸಾಲು ಬರೆದುಕೊಂಡು ಹೋಗಿ.

• ಮುಖ್ಯ ತೊಂದರೆಯನ್ನು ಮೊದಲೇ ಹೇಳಿ. ಎದ್ದು ಬಾಗಿಲ ಬಳಿ ಬಂದು "ಇನ್ನೊಂದು ವಿಷಯ ಡಾಕ್ಟ್ರೇ" ಎನ್ನುವುದಕ್ಕೆ ಉಳಿಸಿಕೊಳ್ಳಬೇಡಿ.

• ನುಂಗುತ್ತಿರುವ ಎಲ್ಲ ಮಾತ್ರೆ, ಕಷಾಯ, ಚೂರ್ಣ, ಲೇಹ್ಯಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಆಯುರ್ವೇದದ ಔಷಧವನ್ನು ಅಲೋಪತಿ ವೈದ್ಯರಿಂದಾಗಲಿ, ಅವರದನ್ನು ನಮ್ಮಿಂದಾಗಲಿ ಮುಚ್ಚಿಡಬೇಡಿ. ಲೇಬಲ್ ಇಲ್ಲದ ಪುಡಿಗಳನ್ನು ಯಾರು ಕೊಟ್ಟರೂ ಸೇವಿಸಬೇಡಿ.

• ಮನೆಯ ಪ್ರತಿ ಸದಸ್ಯರಿಗೂ ಒಂದು ನೋಟುಪುಸ್ತಕವಿರಲಿ. ಚೀಟಿ, ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಡಿ. ಮನೆ ಬದಲಾಯಿಸಿದಾಗ ಹೊಸ ವೈದ್ಯರಿಗೆ ಅದೇ ನಿಮ್ಮ ಪರಿಚಯ.

• ಸಾಧ್ಯವಾದಾಗ ಜನಸಂದಣಿ ಕಡಿಮೆ ಇರುವ ಹೊತ್ತನ್ನು ಕೇಳಿ ತಿಳಿದು ಹೋಗಿ. ದೀರ್ಘಕಾಲದ ರೋಗಗಳಿಗೆ ಸೋಮವಾರದ ಸಂಜೆ ತಕ್ಕ ಹೊತ್ತಲ್ಲ.

• ಮಾತ್ರೆ ಬೇಡವೆಂದು ವೈದ್ಯರು ಹೇಳಿದ ದಿನವೂ ಶುಲ್ಕವನ್ನು ಸಂತೋಷದಿಂದ ಕೊಡಿ.

ನಿಧಾನಕ್ಕೂ ಒಂದು ಮಿತಿಯಿದೆ. ಎದೆ ಹಿಂಡಿದಂತಾಗಿ ಬೆವರುವುದು, ಮುಖ ಅಥವಾ ಒಂದು ಕೈ ಸೋಲುವುದು, ಮಾತು ತೊದಲುವುದು, ಉಸಿರು ಕಟ್ಟುವುದು, ರಕ್ತವಾಂತಿ, ಹಾವಿನ ಕಡಿತ ಇವುಗಳಲ್ಲಿ ಯಾವುದು ಕಂಡರೂ ಕುಟುಂಬ ವೈದ್ಯರಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಳ್ಳೆಯ ಕುಟುಂಬ ವೈದ್ಯರು ತಮ್ಮ ಮಿತಿಯನ್ನು ಬಲ್ಲವರು. "ಇದು ನನ್ನ ಕೈಯಲ್ಲಿಲ್ಲ, ಇವರ ಬಳಿ ಹೋಗಿ" ಎಂದು ಪತ್ರ ಬರೆದುಕೊಡುವವರು. ಸಿಹಿಯಾಗಿ ಮಾತನಾಡುತ್ತ ಯಾರನ್ನೂ ಮುಂದಕ್ಕೆ ಕಳುಹಿಸದವರ ಬಗ್ಗೆ ಎಚ್ಚರವಿರಲಿ.

ನಿಮ್ಮ ಬಡಾವಣೆಯಲ್ಲಿ ಕಣ್ಣು ಕೊಟ್ಟು ನೋಡಿ, ಕಿವಿ ಕೊಟ್ಟು ಕೇಳುವ ವೈದ್ಯರೊಬ್ಬರಿದ್ದರೆ ಆರೋಗ್ಯವಾಗಿರುವಾಗಲೇ ಒಮ್ಮೆ ಹೋಗಿ ಮನೆಯ ಹಿರಿಯರ ಬಿ.ಪಿ., ಸಕ್ಕರೆ ಪರೀಕ್ಷಿಸಿಕೊಳ್ಳಿ, ಪರಿಚಯ ಬೆಳೆಸಿಕೊಳ್ಳಿ. ಅಂಥವರ ಕ್ಲಿನಿಕ್ಕಿನ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ಊರಿನವರ ಕೈಯಲ್ಲೂ ಇದೆ.