ಹಾರ್ಡ್ ಡಿಸ್ಕಿಗೊಂದು ಪಾಲುಪಟ್ಟಿ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಚಹರೆ 2007–08ರ ಬಳಿಕ ಬಹಳವೇ ಬದಲಾಯಿತು. ತೋಡಾರಿನಲ್ಲಿ ಯೇನೆಪೋಯ, ಮಿಜಾರಿನಲ್ಲಿ ಆಳ್ವಾಸ್, ಬಡಗ ಮಿಜಾರಿನಲ್ಲಿ ಮೈಟ್ ಎಂದು ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಮೂರು ಇಂಜಿನಿಯರಿಂಗ್ ಕಾಲೇಜುಗಳು ಇಲ್ಲಿ ತಲೆಯೆತ್ತಿದವು. ಬೆಳಿಗ್ಗೆ ಸಂಜೆ ಈ ದಾರಿಯ ಬಸ್ಸುಗಳಲ್ಲಿ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರದೇ ಗದ್ದಲ. ಕಾಲೇಜಿನ ಪ್ರಯೋಗಾಲಯದಲ್ಲಿ ಲಿನಕ್ಸ್ ನೋಡಿ ಬಂದ ಮಗ ಮನೆಯಲ್ಲಿ, “ಅಪ್ಪಾ, ನಮ್ಮ ಲ್ಯಾಪ್‌ಟಾಪಿಗೂ ಅದನ್ನು ಹಾಕ್ತೇನೆ” ಎನ್ನುತ್ತಾನೆ. “ಹಾಕು, ಆದರೆ ಅದರಲ್ಲಿರುವ ಅಕ್ಕನ ಮದುವೆಯ ಫೋಟೋ ಎಲ್ಲ ಹೋಗ್ತದಾ?” ಎಂಬುದು ತಂದೆಯ ಪ್ರಶ್ನೆ.

ಪ್ರಶ್ನೆ ಸರಿಯಾಗಿಯೇ ಇದೆ. ಹೋಗಲೂಬಹುದು, ಹೋಗದೆಯೂ ಇರಬಹುದು. ಎಲ್ಲವೂ ಅನುಸ್ಥಾಪನೆಗೆ ಮುಂಚಿನ ಒಂದೆರಡು ಗಂಟೆಯ ಸಿದ್ಧತೆಯನ್ನು ಅವಲಂಬಿಸಿದೆ.

ಈ ಪ್ರಶ್ನೆ ಈಗ ಇಂಜಿನಿಯರಿಂಗ್ ವಿದ್ಯಾರ್ಥಿಗಳದ್ದು ಮಾತ್ರವೂ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಬೇಕೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ, ಕಂಪೆನಿ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಎಲ್ಲ ಇರಬೇಕು. 2016ರ ಸುಮಾರಿಗೆ ಕೊಂಡ ಎಷ್ಟೋ ಲ್ಯಾಪ್‌ಟಾಪುಗಳು ಈ ಪರೀಕ್ಷೆಯಲ್ಲಿ ನಪಾಸು. ಯಂತ್ರ ಗಟ್ಟಿಯಾಗಿಯೇ ಇದೆ, ಎಸೆಯಲು ಮನಸ್ಸು ಬಾರದು. ತಮ್ಮನಿಗೋ ತಂಗಿಗೋ ಅದನ್ನು ಲಿನಕ್ಸ್ ಹಾಕಿ ಕೊಡುವುದು ಜಾಣತನವೇ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಂತೂ ಲಿನಕ್ಸ್ ಹೊಸತಲ್ಲ. ಕೇರಳದ ಶಾಲೆಗಳು ಬಹಳ ವರ್ಷಗಳಿಂದ ಅದನ್ನೇ ಬಳಸುತ್ತಿವೆ.

ಬರಿಯ ನಕಲು ಸಾಲದು

ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಅಂತರ್ಜಾಲದಿಂದ ಐ.ಎಸ್.ಒ. ಎಂಬ ದೊಡ್ಡ ಕಡತವನ್ನು ಇಳಿಸಿಕೊಳ್ಳುತ್ತಾರೆ, ಹಾಡಿನ ಕಡತದಂತೆ ಅದನ್ನು ಪೆನ್ ಡ್ರೈವಿಗೆ ನಕಲು ಮಾಡುತ್ತಾರೆ. ಲ್ಯಾಪ್‌ಟಾಪ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಏಕೆ?

ಗುಂಡಿ ಒತ್ತಿದ ಕ್ಷಣದಲ್ಲಿ ಗಣಕಕ್ಕೆ ವಿಂಡೋಸೂ ಗೊತ್ತಿಲ್ಲ, ಲಿನಕ್ಸೂ ಗೊತ್ತಿಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶವೊಂದೇ ಆಗ ಎಚ್ಚರವಿರುತ್ತದೆ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯಾಸ್. ಅದು ಡಿಸ್ಕಿನ ಮೊತ್ತಮೊದಲ 512 ಬೈಟುಗಳನ್ನು ಓದಿ ಅಲ್ಲಿರುವ ಆಜ್ಞೆಯಂತೆ ಮುಂದುವರಿಯುತ್ತದೆ. ಹೊಸ ಯಂತ್ರಗಳಲ್ಲಿರುವುದು ಯು.ಇ.ಎಫ್.ಐ. ಇದು ಫ್ಯಾಟ್ ವಿನ್ಯಾಸದ ಒಂದು ವಿಭಾಗವನ್ನು ಹುಡುಕಿ, ಅದರೊಳಗೆ ನಿಗದಿತ ಜಾಗದಲ್ಲಿ ನಿಗದಿತ ಹೆಸರಿನ ಕಡತವಿದೆಯೇ ಎಂದು ನೋಡುತ್ತದೆ. ಐ.ಎಸ್.ಒ. ಎಂಬುದು ಇವನ್ನೆಲ್ಲ ಒಳಗೆ ಕಟ್ಟಿಟ್ಟ ಗಂಟು. ಗಂಟು ಬಿಚ್ಚಿ ಸಾಮಾನನ್ನು ಅದರದರ ಜಾಗದಲ್ಲಿ ಇಟ್ಟರೆ ಮಾತ್ರ ಪೆನ್ ಡ್ರೈವ್ ‘ಬೂಟ್’ ಆಗುವುದು. ವಿಂಡೋಸಿನಲ್ಲಿ ಕುಳಿತು ಈ ಕೆಲಸ ಮಾಡಲು ರೂಫಸ್ ಎಂಬ ಉಚಿತ ತಂತ್ರಾಂಶವಿದೆ. ಯು.ಇ.ಎಫ್.ಐ. ಯಂತ್ರವಾದರೆ ಅದರಲ್ಲಿ ಜಿ.ಪಿ.ಟಿ. ಎಂದೂ ಹಳೆಯ ಬಯಾಸ್ ಆದರೆ ಎಂ.ಬಿ.ಆರ್. ಎಂದೂ ಆರಿಸಿಕೊಳ್ಳಬೇಕು. 8 ಜಿ.ಬಿ.ಯ ಪೆನ್ ಡ್ರೈವ್ ಸಾಮಾನ್ಯವಾಗಿ ಸಾಕು. ಅದರಲ್ಲಿ ಮೊದಲೇ ಇದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಗೆಳೆಯನ ಪೆನ್ ಡ್ರೈವಾದರೆ ಕೇಳಿಯೇ ಮುಂದುವರಿಯಿರಿ!

ಇನ್ನೊಂದು ಮಾತು. ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುವ ಊರಲ್ಲಿ ಮೂರು, ಆರು ಜಿ.ಬಿ.ಯ ಕಡತ ಅರೆಬರೆಯಾಗಿ ಇಳಿಯುವುದುಂಟು. ಅದಕ್ಕಾಗಿಯೇ ತಯಾರಕರು ಕಡತದ ಜತೆಗೆ ‘ಶಾ-256’ ಎಂಬ 64 ಅಕ್ಷರಗಳ ಗುರುತನ್ನೂ ಪ್ರಕಟಿಸುತ್ತಾರೆ. ವಿಂಡೋಸಿನಲ್ಲೇ ಇರುವ ‘ಸರ್ಟ್‌ಯುಟಿಲ್’ ಆಜ್ಞೆಯಿಂದ ನಿಮ್ಮ ಕಡತದ ಗುರುತನ್ನು ಲೆಕ್ಕಹಾಕಿ ತಾಳೆ ನೋಡಬಹುದು. ಒಂದಕ್ಷರ ಬೇರೆಯಾದರೂ ಆ ಕಡತ ಬೇಡ.

ಗದ್ದೆಗೆ ಹುಣಿ, ಡಿಸ್ಕಿಗೆ ವಿಭಾಗ

ಈಗ ಪಾಲಿನ ವಿಚಾರ. ಒಂದೇ ಡಿಸ್ಕನ್ನು ಹಲವು ವಿಭಾಗ ಮಾಡುವ ಪದ್ಧತಿ ಪಿ.ಸಿ.ಗಳಿಗೆ ಬಂದದ್ದು 1983ರಲ್ಲಿ, ಐ.ಬಿ.ಎಂ.ನ ಎಕ್ಸ್.ಟಿ. ಮಾದರಿ ಮತ್ತು ಡಾಸ್ 2.0 ಜತೆಗೆ. ಆ ಯಂತ್ರದ ಡಿಸ್ಕಿನ ಗಾತ್ರ 10 ಎಂ.ಬಿ.! ಈಗಿನ ಮೊಬೈಲಿನ ಎರಡು ಮೂರು ಫೋಟೋಗೆ ಅದು ತುಂಬೀತು. 1990ರ ದಶಕದ ಫ್ಯಾಟ್-16 ವಿನ್ಯಾಸದಲ್ಲಿ ಒಂದು ವಿಭಾಗ 2 ಜಿ.ಬಿ. ಮೀರುವಂತಿರಲಿಲ್ಲ. ದೊಡ್ಡ ಡಿಸ್ಕು ಬಂದಾಗ ಸಿ, ಡಿ, ಇ ಎಂದು ಒಡೆಯುವುದು ಅನಿವಾರ್ಯವಾಯಿತು. ಆ ಮಿತಿ ಹೋಗಿ ಎಷ್ಟೋ ಕಾಲವಾದರೂ ‘ಡಿ ಡ್ರೈವಿನಲ್ಲಿ ಇಡು’ ಎಂಬ ಮಾತು ನಮ್ಮಲ್ಲಿ ಉಳಿದಿದೆ.

ವಿಭಾಗಗಳ ಗಡಿ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬ ವಿವರ ಡಿಸ್ಕಿನ ಆರಂಭದಲ್ಲಿರುವ ಒಂದು ಕೋಷ್ಟಕದಲ್ಲಿರುತ್ತದೆ. ಜಾಗಕ್ಕೆ ಪಹಣಿ ಇದ್ದಂತೆ ಇದು. ಹಳೆಯ ಎಂ.ಬಿ.ಆರ್. ಕೋಷ್ಟಕದಲ್ಲಿ ನಾಲ್ಕೇ ಮುಖ್ಯ ವಿಭಾಗಗಳಿಗೆ ಜಾಗ. ಅದರ ಅಳತೆ ಸುಮಾರು 2 ಟಿ.ಬಿ. ದಾಟದು. ಹೊಸ ಜಿ.ಪಿ.ಟಿ.ಯಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವಿದೆ. ಡಿಸ್ಕಿನ ಕೊನೆಯಲ್ಲಿ ಅದರದೊಂದು ನಕಲು ಪ್ರತಿಯೂ ಇರುತ್ತದೆ.

ಹುಣಿ ಸರಿಸುವ ಮೊದಲು ಬೆಳೆ ಮನೆಗೆ ಬರಬೇಕು. ಫೋಟೋ, ಅಂಕಪಟ್ಟಿ, ಪ್ರಾಜೆಕ್ಟ್ ವರದಿ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅಲ್ಲಿ ಅವು ತೆರೆಯುತ್ತವೆಯೇ ಎಂದೂ ನೋಡಿ. ಅದೇ ಲ್ಯಾಪ್‌ಟಾಪಿನ ಡಿ ಡ್ರೈವಿಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಮಾಲೀಕರಿಗೆ ಗೊತ್ತಿಲ್ಲದೆಯೇ ಬಿದ್ದಿರುವುದುಂಟು. ಬೂಟ್ ವ್ಯವಸ್ಥೆ ಬದಲಾದೊಡನೆ ಅದು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಫೋಟೋಗಳು ಡಿಸ್ಕಿನಲ್ಲೇ ಇದ್ದೂ ಕೈಗೆ ಸಿಗವು.

ವಿಂಡೋಸ್ ವಿಭಾಗವನ್ನು ಕುಗ್ಗಿಸುವ ಕೆಲಸವನ್ನು ವಿಂಡೋಸಿನದೇ ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಿಂದ ಮಾಡುವುದು ಕ್ಷೇಮ. ಲಿನಕ್ಸಿಗೆ 40–50 ಜಿ.ಬಿ. ಬಿಡಿಸಿಕೊಟ್ಟರೆ ವಿದ್ಯಾರ್ಥಿಯೊಬ್ಬನಿಗೆ ಧಾರಾಳ. ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ನಿಲ್ಲಿಸಿ, ಪೂರ್ತಿ ಶಟ್‌ಡೌನ್ ಮಾಡಬೇಕು. ಹುಣಿ ಸರಿಯುತ್ತಿರುವಾಗ ಕರೆಂಟು ಹೋದರೆ ಇದ್ದ ಬೆಳೆಯೂ ಹಾಳು. ಗುಡುಗು ಸಿಡಿಲಿನ ಸಂಜೆ ಈ ಕೆಲಸ ಬೇಡ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಮೇಜಿನ ಗಣಕವಾದರೆ ಯು.ಪಿ.ಎಸ್. ಇರಲೇಬೇಕು.

ಎರಡು ಆಯ್ಕೆಗಳ ನಡುವೆ

ಯಂತ್ರ ಶುರುವಾಗುವಾಗ ಎಫ್ 12, ಎಫ್ 9 ಅಥವಾ ಎಸ್ಕೇಪ್ (ಕಂಪೆನಿಗೊಂದು ಕೀಲಿ) ಒತ್ತಿದರೆ ಪೆನ್ ಡ್ರೈವನ್ನು ಆರಿಸುವ ಪಟ್ಟಿ ಬರುತ್ತದೆ. ಉಬುಂಟು, ಮಿಂಟ್‌ನಂಥವು ಅನುಸ್ಥಾಪಿಸದೆ ಪೆನ್ ಡ್ರೈವಿನಿಂದಲೇ ನಡೆಯುತ್ತವೆ. ವೈ-ಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ ಎಂದು ಇಲ್ಲೇ ನೋಡಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಮೊದಲ ಸೆಮಿಸ್ಟರಿನ ವಿದ್ಯಾರ್ಥಿಗೆ ಇಷ್ಟೇ ಸಾಕು. ಸಿ ಭಾಷೆಯ ನಾಲ್ಕು ಪ್ರೋಗ್ರಾಂ ಬರೆಯಲು ಅಪ್ಪನ ಡಿಸ್ಕನ್ನು ಪಾಲು ಮಾಡುವ ಅಗತ್ಯವಿಲ್ಲ.

ಅನುಸ್ಥಾಪಿಸಿಯೇ ಸಿದ್ಧ ಎಂದಾದರೆ ಒಂದು ಪರದೆಯ ಮುಂದೆ ಮಾತ್ರ ಕೈ ತಡೆಯಬೇಕು. ಅಲ್ಲಿ ‘ವಿಂಡೋಸ್ ಜತೆಯಲ್ಲಿ ಅನುಸ್ಥಾಪಿಸು’ ಎಂಬ ಆಯ್ಕೆಯೂ ‘ಡಿಸ್ಕನ್ನು ಅಳಿಸಿ ಅನುಸ್ಥಾಪಿಸು’ ಎಂಬ ಆಯ್ಕೆಯೂ ಹತ್ತಿರ ಹತ್ತಿರವೇ ಇರುತ್ತವೆ. ಎರಡನೆಯದನ್ನು ಒಪ್ಪಿದಿರೋ, ಮದುವೆಯ ಫೋಟೋ ಹೋಯಿತೆಂದೇ ಲೆಕ್ಕ. ವಿಭಾಗಗಳನ್ನು ಕೈಯಾರೆ ಆರಿಸುವವರು ‘ಇ.ಎಫ್.ಐ.’ ಎಂದಿರುವ, ಹಲವು ಲ್ಯಾಪ್‌ಟಾಪುಗಳಲ್ಲಿ ಕೇವಲ 100 ಎಂ.ಬಿ.ಯ ವಿಭಾಗವನ್ನು ಬಳಸಬೇಕೇ ಹೊರತು ಫಾರ್ಮ್ಯಾಟ್ ಮಾಡಬಾರದು. ವಿಂಡೋಸ್ ಎದ್ದೇಳುವ ದಾರಿಯೂ ಅದರ ಮೂಲಕವೇ ಇದೆ.

ಎಲ್ಲ ಮುಗಿದ ಮೇಲೆ ಕನ್ನಡ ಕೀಲಿಮಣೆಯನ್ನೂ ಸೇರಿಸಿಕೊಳ್ಳಿ. ಕಗಪ ವಿನ್ಯಾಸ ಲಿನಕ್ಸಿನ ಪಟ್ಟಿಯಲ್ಲೇ ಇದೆ. ಅದರ ಮೂಲ ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ವಿನ್ಯಾಸ.

ಮರುದಿನ ವಿಂಡೋಸ್ ತೆರೆದಾಗ ಬೆಳಿಗ್ಗೆ ಒಂಬತ್ತಕ್ಕೆ ಗಡಿಯಾರ ಮೂರೂವರೆ ತೋರಿಸಿದರೆ ಗಾಬರಿ ಬೇಡ. ಯಂತ್ರದೊಳಗಿನ ಗಡಿಯಾರದ ಹೊತ್ತನ್ನು ಲಿನಕ್ಸ್ ಗ್ರೀನ್‌ವಿಚ್ ಸಮಯವೆಂದು ಭಾವಿಸುತ್ತದೆ, ವಿಂಡೋಸ್ ನಮ್ಮೂರಿನ ಸಮಯವೆಂದು ಭಾವಿಸುತ್ತದೆ. ಐದೂವರೆ ಗಂಟೆಯ ಈ ತಕರಾರು ಲಿನಕ್ಸಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಎಂಬ ಆಜ್ಞೆಯ ಮೂಲಕ ಸ್ಥಳೀಯ ಸಮಯವನ್ನು ಆರಿಸಿದರೆ ಬಗೆಹರಿಯುತ್ತದೆ.