ರಕ್ತದೊತ್ತಡದವರ ಏದುಸಿರು

ಬೆಂಗಳೂರಿಗೆ ಹೋದಾಗ ನಮ್ಮಲ್ಲಿ ಅನೇಕರು ಇಂದಿರಾನಗರದಲ್ಲೋ ಕೃಷ್ಣರಾಜಪುರದಲ್ಲೋ ಮಕ್ಕಳ ಮನೆಯಲ್ಲಿ ಇಳಿದುಕೊಳ್ಳುತ್ತೇವೆ. ಹಲಸೂರು, ಇಂದಿರಾನಗರಗಳಲ್ಲಿ 2011ರಲ್ಲಿ ತೆರೆದ ಮೆಟ್ರೋ ನಿಲ್ದಾಣಗಳು ಕಂಬಗಳ ಮೇಲಿವೆ. ಆ ಮೆಟ್ಟಿಲುಗಳ ಅರ್ಧದಲ್ಲಿ ಕಂಬಿ ಹಿಡಿದು ನಿಂತು, "ವಯಸ್ಸಾಯಿತು ನೋಡಿ" ಎಂದು ನಗುವ ಸದಸ್ಯರನ್ನು ನಾವು ಬಲ್ಲೆವು. ತೋಟದ ಏರಿನಲ್ಲಿಯೂ ಅವರಿಗೆ ಹೀಗೇ ಆಗುತ್ತದೆ. ಆಳುಗಳ ಮುಂದೆ ಹೇಳಿಕೊಳ್ಳಲು ಸಂಕೋಚ. ಬಹುಕಾಲದಿಂದ ರಕ್ತದೊತ್ತಡ ಇರುವವರು ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ಸರಿಯಲ್ಲ.

ಹೆಚ್ಚಿನ ಒತ್ತಡದ ಎದುರು ದುಡಿದು ದುಡಿದು ಹೃದಯದ ಎಡಭಾಗದ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಹಿಂಡುವ ಶಕ್ತಿ ಚೆನ್ನಾಗಿಯೇ ಇರಬಹುದು. ಸಡಿಲಗೊಂಡು ರಕ್ತ ತುಂಬಿಕೊಳ್ಳುವುದು ಕಷ್ಟ. ಕುಳಿತಾಗ ಏನೂ ತಿಳಿಯದು. ಏರು ಹತ್ತಿ ನಾಡಿ ಓಡತೊಡಗಿದರೆ ತುಂಬಿಕೊಳ್ಳಲು ಸಮಯ ಸಾಲದೆ ಒತ್ತಡ ಹಿಂದಕ್ಕೆ ಶ್ವಾಸಕೋಶದ ಮೇಲೆ ಬೀಳುತ್ತದೆ. ತೂಬು ಕಟ್ಟಿದರೆ ಮೇಲಿನ ಗದ್ದೆ ಜೌಗಾಗುವುದಿಲ್ಲವೇ, ಹಾಗೆ. ಮಲಗಿದಾಗ ಉಸಿರು ಕಟ್ಟುವುದು, ಎರಡು ದಿಂಬು ಬೇಕೆನಿಸುವುದು, ಸಂಜೆ ಪಾದ ಊದುವುದು ಇದರ ಸುಳಿವುಗಳು.

ಏದುಸಿರೆಲ್ಲ ಹೃದಯದ್ದೇ ಎಂದಲ್ಲ. ಬೀಡಿ, ರಕ್ತಹೀನತೆ, ಬೊಜ್ಜು, ಕಾಫಿ ಬೀಜದ ಧೂಳಿನಿಂದ ಬರುವ ಆಸ್ತಮಾ, ಯಾವುದೂ ಇರಬಹುದು. ನಮ್ಮದೇ ಬೆಳೆಯಾದರೂ ಹೇಳಬೇಕು: ಅಡಿಕೆಯಲ್ಲಿನ ಅರೆಕೋಲಿನ್ ಕೆಲವು ಆಸ್ತಮಾ ರೋಗಿಗಳ ಶ್ವಾಸನಾಳವನ್ನು ಬಿಗಿಯುತ್ತದೆ. ಒತ್ತಡಕ್ಕೆ ಕೊಡುವ ಪ್ರೊಪ್ರನಲಾಲ್ ಮಾತ್ರೆಯೂ ಆಸ್ತಮಾದವರಿಗೆ ಆಗದು. ಎನಲಾಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ವೈದ್ಯರಿಗೆ ಹೇಳಿದರೆ ಬದಲಿ ಕೊಡುತ್ತಾರೆ.

ಕಾಫಿ ಮಂಡಳಿಯ ಕೆಲಸಕ್ಕೆ ಅಂಬೇಡ್ಕರ್ ವೀಧಿಗೆ ಹೋದವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ದೂರವಲ್ಲ. ದಂಡು ಪ್ರದೇಶದಲ್ಲಿ 1868ರಿಂದ ಇರುವ ಸರಕಾರಿ ಆಸ್ಪತ್ರೆ ಅದು. ಇಂದಿರಾನಗರದ ಕಡೆಯವರಿಗೆ ಸಿ.ವಿ. ರಾಮನ್ ಆಸ್ಪತ್ರೆಯಿದೆ. ಒತ್ತಡ ಎಷ್ಟಿದೆ ಎಂದಷ್ಟೇ ಕೇಳಿ ಬರಬೇಡಿ. ಎಷ್ಟು ಮೆಟ್ಟಿಲಿಗೆ ನಿಲ್ಲಬೇಕಾಗುತ್ತದೆ, ಆರು ತಿಂಗಳ ಹಿಂದೆ ಎಷ್ಟಕ್ಕೆ ನಿಲ್ಲುತ್ತಿದ್ದಿರಿ ಎಂಬುದನ್ನು ಹೇಳಿ. ವೈದ್ಯರು ಎಕೋ ಪರೀಕ್ಷೆ ಬರೆದಾರು. 30 ಮೀಟರಿನ ಸಮತಟ್ಟಾದ ಓಣಿಯಲ್ಲಿ ಆರು ನಿಮಿಷ ನಡೆಸಿ, ಕ್ರಮಿಸಿದ ದೂರ ಅಳೆಯುವ ಪರೀಕ್ಷೆಯೂ ಉಂಟು. ಔಷಧಿ ಹಿಡಿಯಿತೋ ಇಲ್ಲವೋ ಎಂದು ಮುಂದೆ ಹೋಲಿಸಿ ನೋಡಲು ಆ ಅಂಕಿ ಬೇಕಾಗುತ್ತದೆ.

ನಡುರಾತ್ರಿ ಉಸಿರು ಕಟ್ಟಿ ಎದ್ದು ಕುಳಿತರೆ ಮಾತ್ರ ಬೆಳಗಿನ ಬಸ್ಸಿಗೆ ಕಾಯಬಾರದು, 108ಕ್ಕೆ ಕರೆ ಮಾಡಬೇಕು.