ಕಾಲು ನೆಲ ಬಿಟ್ಟ ಕ್ಷಣ

ಆ ಹುಡುಗಿ ಕಂಬದ ಕಡೆಗೆ ಹಾರಿದ್ದನ್ನು ನಾನು ಕಣ್ಣಾರೆ ನೋಡಿದೆ. ನನ್ನ ಕ್ಯಾಮೆರಾ ಮಾತ್ರ ನೋಡಲಿಲ್ಲ.

ಕಳೆದ ಸೆಪ್ಟೆಂಬರ್‌ನ ಮಾತು. ಸಾಗರದಲ್ಲಿ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ. ಹೆಣ್ಣುಮಕ್ಕಳ ಖೋ ಖೋ ಫೈನಲ್ ಶುರುವಾಗುವಾಗ ಗಂಟೆ ಐದು ದಾಟಿತ್ತು. ಬೆಳಗ್ಗೆಯಿಂದ ಬಿಟ್ಟು ಬಿಟ್ಟು ಮಳೆ. ಆಕಾಶ ಕಾವಲಿಯ ತಳದ ಹಾಗೆ ಕಪ್ಪಾಗಿತ್ತು. ನನ್ನ ಮೊಮ್ಮಗಳು ಎಂಟನೇ ತರಗತಿ. ಅವಳ ತಂಡದಲ್ಲಿ ಏಳನೇ ನಂಬರಿನ ಅಂಗಿ ತೊಟ್ಟ ಹುಡುಗಿಯೊಬ್ಬಳಿದ್ದಾಳೆ. ಕೊನೆಯ ನಿಮಿಷದಲ್ಲಿ ಅವಳು ಓಡಿ ಬಂದು, ಕಂಬ ಬಳಸಿ ತಪ್ಪಿಸಿಕೊಳ್ಳುತ್ತಿದ್ದ ಎದುರಾಳಿಯತ್ತ ಅಡ್ಡಡ್ಡ ಹಾರಿ, ಬೆರಳ ತುದಿಯಿಂದ ಮುಟ್ಟಿಬಿಟ್ಟಳು. ಆಡುವವರು ಇದಕ್ಕೆ ಪೋಲ್ ಡೈವ್ ಎನ್ನುತ್ತಾರೆ. ಮೈದಾನವೆಲ್ಲ ಕೂಗಿತು. ನಮ್ಮ ಶಾಲೆ ಗೆದ್ದಿತು.

ಮರುದಿನ ಸಂಜೆ ಆ ಹುಡುಗಿ ಮೊಮ್ಮಗಳ ಜೊತೆ ನಮ್ಮ ಮನೆಗೆ ಬಂದಳು. ಅವಳನ್ನು ಸಾಕುತ್ತಿರುವುದು ಅಜ್ಜಿ. ಅಡಿಕೆ ತೋಟದ ಕೆಲಸಕ್ಕೆ ಹೋಗುವ ಆ ತಾಯಿ ಮೊಮ್ಮಗಳ ಆಟವನ್ನು ಒಮ್ಮೆಯೂ ನೋಡಿಲ್ಲವಂತೆ. "ಅಜ್ಜಿಗೆ ತೋರಿಸ್ಬೇಕು, ಒಂದು ಫೋಟೊ ಕೊಡ್ತೀರಾ ಸರ್?" ಎಂದಳು.

ಕಂಪ್ಯೂಟರ್ ತೆರೆದೆ. ಆ ಕ್ಷಣದ್ದು ಮೂರು ಚಿತ್ರಗಳಿದ್ದವು. ಒಂದರಲ್ಲಿ ಕಂಬ ಮಾತ್ರ. ಇನ್ನೊಂದರಲ್ಲಿ ಕುಂಚ ಒದ್ದೆಯಾಗಿ ಹರಡಿದಂತೆ ಒಂದು ಕೆಂಪು ಗೆರೆ. ಮೂರನೆಯದರಲ್ಲಿ ಕಂಬವೂ ಇದೆ, ಹುಡುಗಿಯೂ ಇದ್ದಾಳೆ, ಆದರೆ ಹುಡುಗಿಗೆ ಮುಖವಿಲ್ಲ, ಮಂಜು. ಅವಳು ತುಂಬ ಹೊತ್ತು ನೋಡಿ, "ಪರವಾಗಿಲ್ಲ ಸರ್, ಕಂಬ ಚೆನ್ನಾಗಿ ಬಂದಿದೆ" ಎಂದಳು.

ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಮಕ್ಕಳ ಚಿತ್ರಗಳಿಗೆ ಇಂಥ ಮಾತು ಎಷ್ಟೋ ಸಲ ಹೇಳಿದ್ದೇನೆ. ನನಗೇ ಯಾರಾದರೂ ಹೇಳಿದಾಗ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

ಜಿಲ್ಲಾ ಮಟ್ಟದ ಪಂದ್ಯಕ್ಕೆ ಇನ್ನು ಮೂರು ವಾರ. ಆರ್.ಡಿ. ಹಣ 45,000 ರೂಪಾಯಿ ಕೈಗೆ ಬಂದಿತ್ತು. ಹೊಸ ಕ್ಯಾಮೆರಾ ತಂದೇಬಿಡುತ್ತೇನೆ ಎಂದು ಹೊರಟೆ. ನಮ್ಮ ಮನೆಯಾಕೆ ಅಡುಗೆಮನೆಯಿಂದಲೇ ಕೇಳಿದಳು: "ರೀ, ಸಾರು ಸಪ್ಪೆ ಆಗಿದ್ದಕ್ಕೆ ಪಾತ್ರೆ ಬದಲಾಯಿಸ್ತಾರಾ? ಏನು ಕಮ್ಮಿ ಆಗಿದೆ ಅಂತ ಮೊದಲು ನೋಡಿ."

ಸಿಟ್ಟು ಬಂತು. ಆದರೆ ಮಾತು ಸರಿಯಾಗಿತ್ತು. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವತ್ತಿನ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಚಿತ್ರ ಮಸುಕಾಗುವುದರಲ್ಲೂ ಜಾತಿಗಳಿವೆ. ಇಡೀ ಚಿತ್ರವೇ ಅಲುಗಿದ್ದರೆ ಅದು ನನ್ನ ಕೈ ನಡುಕ. ಹಿಂದಿನ ಮರ ಸ್ಪಷ್ಟ, ಹುಡುಗಿ ಮಸುಕು ಎಂದಾದರೆ ಕ್ಯಾಮೆರಾ ಮರಕ್ಕೆ ಫೋಕಸ್ ಮಾಡಿರಬಹುದು. ಹುಡುಗಿ ಓಡಿದ ದಿಕ್ಕಿಗೇ ಎಳೆದಂತೆ ಕಂಡರೆ ಶಟರ್ ನಿಧಾನವಾಗಿದೆ ಎಂದರ್ಥ. ನಮ್ಮ ಚಿತ್ರಗಳಲ್ಲಿ ಹೆಚ್ಚಿನವು ಈ ಕೊನೆಯ ಜಾತಿಯವು.

ಪ್ರತಿ ಚಿತ್ರದೊಳಗೂ ಅದನ್ನು ತೆಗೆದ ಲೆಕ್ಕ ಅಡಗಿರುತ್ತದೆ. ಪೋಲ್ ಡೈವ್ ಚಿತ್ರದಲ್ಲಿ ಶಟರ್ ತೆರೆದಿದ್ದದ್ದು ಸೆಕೆಂಡಿನ 125ರಲ್ಲಿ ಒಂದು ಪಾಲು. "ಅಷ್ಟು ಸಾಲದಾ ಅಜ್ಜ?" ಎಂದಳು ಮೊಮ್ಮಗಳು. ನೀನೇ ಲೆಕ್ಕ ಹಾಕು ಎಂದೆ. ಒಬ್ಬಳು ಸೆಕೆಂಡಿಗೆ ಆರು ಮೀಟರ್ ಓಡಿದರೆ, 125ರಲ್ಲಿ ಒಂದು ಪಾಲಿನಲ್ಲಿ ಹೆಚ್ಚುಕಡಿಮೆ ಐದು ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ. ಮೂಗು ಒಂದು ಕಿವಿಯ ದೂರ ಸರಿದರೆ ಮುಖ ಹೇಗೆ ಕಂಡೀತು? ಅದೇ ಸಾವಿರದಲ್ಲಿ ಒಂದು ಪಾಲಾದರೆ ಆರೇ ಮಿಲಿಮೀಟರ್.

ಇಲ್ಲೊಂದು ಹಳೆಯ ಕತೆ. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದೇ ಸಲ ನೆಲ ಬಿಡುತ್ತವೆಯೇ? ಬರಿಗಣ್ಣಿಗೆ ಇದು ತಿಳಿಯುತ್ತಿರಲಿಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕುದುರೆ ಓಡುವ ದಾರಿಯ ಪಕ್ಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ದಾರಿಗೆ ಅಡ್ಡಲಾಗಿ ದಾರ ಕಟ್ಟಿದ. ಕುದುರೆಯ ಕಾಲು ತಾಗಿದಂತೆಲ್ಲ ಒಂದೊಂದು ಕ್ಯಾಮೆರಾ ಚಿತ್ರ ತೆಗೆಯಿತು. ಹೌದು, ನಾಲ್ಕೂ ಕಾಲು ನೆಲ ಬಿಡುತ್ತವೆ. ಅದೂ ಚಿತ್ರಕಾರರು ಬರೆಯುತ್ತಿದ್ದಂತೆ ಹಿಂದೆ ಮುಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ! ಡ್ರಾಯಿಂಗ್ ಕ್ಲಾಸಿನಲ್ಲಿ ಕುದುರೆ ಬರೆಸುವಾಗಲೆಲ್ಲ ಹೇಳುತ್ತಿದ್ದ ಕತೆ. ಹೇಳುತ್ತಿದ್ದವನಿಗೇ ಬೇಕಾದಾಗ ನೆನಪಾಗಲಿಲ್ಲ.

ಹಾಗಾದರೆ ಶಟರನ್ನು ಎಂಟುಪಟ್ಟು ಚುರುಕು ಮಾಡಿದರಾಯಿತಲ್ಲ? ಮಾಡಬಹುದು, ಆಗ ಒಳಗೆ ಬರುವ ಬೆಳಕೂ ಎಂಟರಲ್ಲಿ ಒಂದು ಪಾಲಾಗುತ್ತದೆ, ಚಿತ್ರ ಕಪ್ಪಾಗುತ್ತದೆ. ಐ.ಎಸ್.ಒ. ಏರಿಸಿ ಅದನ್ನು ಸರಿದೂಗಿಸಬಹುದು. ಆದರೆ ನನ್ನ ಹಳೆಯ ಕ್ಯಾನನ್ 1200ಡಿಯಲ್ಲಿ 1600 ದಾಟಿಸಿದರೆ ಚಿತ್ರದ ತುಂಬ ರಾಗಿ ಚೆಲ್ಲಿದ ಹಾಗೆ ಕಾಳು ಕಾಳು. ಉಳಿದದ್ದು ಒಂದೇ ದಾರಿ, ಲೆನ್ಸಿನ ಕಿಂಡಿಯನ್ನು ಅಗಲ ಮಾಡುವುದು.

ಹಂಚಿನ ಮನೆಯ ಬೆಳಕಿಂಡಿ ನೋಡಿದವರಿಗೆ ಇದು ಸುಲಭ. ಕಿಂಡಿ ದೊಡ್ಡದಾದಷ್ಟೂ ಕೋಣೆಗೆ ಬೆಳಕು. ಲೆನ್ಸಿನ ಮೇಲೆ ಬರೆದ ಎಫ್ ಸಂಖ್ಯೆ ಈ ಕಿಂಡಿಯ ಅಳತೆ. ನನ್ನ 55-250 ಲೆನ್ಸನ್ನು ಪೂರ್ತಿ ಚಾಚಿದಾಗ ಅದು ಎಫ್ 5.6. ಸಂಖ್ಯೆ ಚಿಕ್ಕದಾದರೆ ಕಿಂಡಿ ದೊಡ್ಡದು ಎಂಬ ವಿಷಯವೇ ನನಗೆ ಎಷ್ಟೋ ವರ್ಷ ತಲೆಗೆ ಹತ್ತಿರಲಿಲ್ಲ. "ಅದು ಭಿನ್ನರಾಶಿ ಅಜ್ಜ, ಎಂಟರಲ್ಲಿ ಒಂದಕ್ಕಿಂತ ಎರಡರಲ್ಲಿ ಒಂದು ದೊಡ್ಡದು ತಾನೇ?" ಎಂದು ಮೊಮ್ಮಗಳು ಒಂದೇ ವಾಕ್ಯದಲ್ಲಿ ಮುಗಿಸಿದಳು. ಎಫ್ 1.8ರ ಲೆನ್ಸು ಎಫ್ 5.6ಕ್ಕಿಂತ ಹತ್ತಿರ ಹತ್ತಿರ ಹತ್ತುಪಟ್ಟು ಬೆಳಕು ಬಿಡುತ್ತದೆ. ನಮಗೆ ಬೇಕಾಗಿದ್ದದ್ದು ಎಂಟುಪಟ್ಟು.

ಇಷ್ಟು ತಿಳಿದ ಮೇಲೂ ಆಸೆ ಬಿಡಬೇಕಲ್ಲ! ಶಿವಮೊಗ್ಗಕ್ಕೆ ಹೋಗಿ ಅಂಗಡಿಯಲ್ಲಿ ಹೊಸ ಮಿರರ್‌ಲೆಸ್ ಕ್ಯಾಮೆರಾಗಳನ್ನು ಕೈಯಲ್ಲಿ ಹಿಡಿದು ನೋಡಿದೆ. 2023ರಲ್ಲಿ ಬಂದ ಕ್ಯಾನನ್ ಆರ್50 ಹಗುರ. ಸೆಕೆಂಡಿಗೆ 12 ಚಿತ್ರ. ಎದುರಿಗಿದ್ದವರ ಕಣ್ಣನ್ನೇ ಹುಡುಕಿ ಹಿಂಬಾಲಿಸುತ್ತದೆ. ಮಗುವಿನ ಹಾಗೆ ಅಚ್ಚರಿಪಟ್ಟೆ. ಆದರೆ ಅದರ ಜೊತೆಗೆ ಕೊಡುವ 18-45 ಲೆನ್ಸಿನ ಕಿಂಡಿ ಎಫ್ 4.5ರಿಂದ 6.3. ನನ್ನ ಹಳೆಯ ಲೆನ್ಸುಗಳಿಗಿಂತಲೂ ಕಿರಿದು! ಕ್ಯಾಮೆರಾಕ್ಕೇ ನನ್ನ ದುಡ್ಡೆಲ್ಲ ಸಾಲದು, ಮತ್ತೆ ಲೆನ್ಸಿಗೆಲ್ಲಿ ಹೋಗುವುದು? ಪತ್ರಿಕೆಯ ಛಾಯಾಗ್ರಾಹಕರ ಕೈಯಲ್ಲಿ ಕಾಣುವ 70-200, ಎಫ್ 2.8 ಲೆನ್ಸು ಕೇಳಿದೆ. ಲಕ್ಷದ ಮೇಲೆ, ತೂಕ ಒಂದೂವರೆ ಕಿಲೋ. ನನ್ನ ಭುಜ ಬೇಡ ಎಂದಿತು, ಪಾಸ್‌ಬುಕ್ ಅದಕ್ಕಿಂತ ಮೊದಲೇ ಬೇಡ ಎಂದಿತ್ತು.

ಮೊಬೈಲಿನಲ್ಲೇ ತೆಗೆಯಬಹುದಲ್ಲ ಎಂದು ಹಲವರು ಕೇಳಿದರು. ನಿಂತವರ ಚಿತ್ರಕ್ಕೆ ಮೊಬೈಲೇ ಸಾಕು, ಕೆಲವೊಮ್ಮೆ ಮೇಲು ಕೂಡ. ಮಬ್ಬಿನಲ್ಲಿ ದೂರದಲ್ಲಿ ಓಡುವವರನ್ನು ಹಿಗ್ಗಿಸಿ ತೆಗೆದು ನೋಡಿ, ಗೊತ್ತಾಗುತ್ತದೆ.

ಊರಿನಲ್ಲಿ ಸ್ಟುಡಿಯೊ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊನೆಗೆ ದಾರಿ ತೋರಿಸಿದ. "ಮೇಷ್ಟ್ರೇ, ಕೊಳ್ಳೋ ಮೊದಲು ಒಂದು ಭಾನುವಾರ ಇಟ್ಕೊಂಡು ನೋಡಿ" ಎಂದು ತನ್ನ 85 ಎಂಎಂ, ಎಫ್ 1.8 ಲೆನ್ಸನ್ನು ಕೈಗಿಟ್ಟ. 1992ರಿಂದ ಇರುವ ಮಾದರಿ. ಮದುವೆ ಮನೆಗಳಲ್ಲಿ ಎಷ್ಟು ಮುಖ ಕಂಡಿದೆಯೋ. ಜೊತೆಗೇ ಇನ್ನೊಂದು ಪ್ರಶ್ನೆ ಕೇಳಿದ: "ಎಐ ಸರ್ವೊ ಹಾಕಿದ್ರಾ?" ನನ್ನ ಕ್ಯಾಮೆರಾದಲ್ಲಿ ಓಡುವವರನ್ನು ಬಿಡದೆ ಹಿಂಬಾಲಿಸಿ ಫೋಕಸ್ ಮಾಡುವ ಆ ವ್ಯವಸ್ಥೆ ಮೊದಲ ದಿನದಿಂದಲೂ ಇತ್ತು. ನಾನು ಒಮ್ಮೆಯೂ ಅದನ್ನು ಆರಿಸಿರಲಿಲ್ಲ. ಅವನು ನಗಲಿಲ್ಲ, ಒಳ್ಳೆಯ ಹುಡುಗ.

ಭಾನುವಾರ ಸಂಜೆ ಅದೇ ಮೋಡ. ಮಕ್ಕಳು ಶಾಲೆಯ ಮೈದಾನದಲ್ಲಿ ಹತ್ತು ಸಲ ಹಾರಿದರು. ಹಳೆಯ ಕ್ಯಾಮೆರಾ, ಹೊಸ ಲೆನ್ಸು, ಶಟರ್ ಸಾವಿರದಲ್ಲಿ ಒಂದು. ಕೂದಲೆಳೆ ಕೂದಲೆಳೆಯಾಗಿ ಕಂಡಿತು, ಆದರೆ ಮೂರು ಸಲ ಮಾತ್ರ. ಸೆಕೆಂಡಿಗೆ ಮೂರೇ ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಅರ್ಧ ಸೆಕೆಂಡಿನ ಹಾರಾಟದಲ್ಲಿ ಸಿಗುವುದು ಒಂದೋ ಎರಡೋ. ಕ್ಯಾಮೆರಾ ಬದಲಿಸುವ ಕಾರಣ ಈಗ ನಿಜವಾಗಿ ಸಿಕ್ಕಿತು. 2013ರ ಕ್ಯಾನನ್ 70ಡಿ ಸೆಕೆಂಡಿಗೆ ಏಳು ತೆಗೆಯುತ್ತದೆ. ನನ್ನದರಲ್ಲಿ ಒಂಬತ್ತು ಫೋಕಸ್ ಬಿಂದುಗಳಿದ್ದರೆ ಅದರಲ್ಲಿ 19. ಹಳೆಯ ಲೆನ್ಸುಗಳೂ ಅದಕ್ಕೇ ಕೂರುತ್ತವೆ. ಮೆಗಾಪಿಕ್ಸೆಲ್ ಬಗ್ಗೆ ನಾನು ಕೇಳಲೇ ಇಲ್ಲ. 12×18 ಇಂಚಿನ ದೊಡ್ಡ ಪ್ರಿಂಟಿಗೂ 20 ಮೆಗಾಪಿಕ್ಸೆಲ್ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕಣ್ಣು ತೆರೆದಿರಬೇಕು. ಮೊದಲು ನೋಡಿದ 85ರ ಲೆನ್ಸು ಹೊರಗೆ ಮದುಮಗನ ಹಾಗಿತ್ತು. ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿದರೆ ಒಳಗೆ ಜೇಡರ ಬಲೆಯಂಥ ಬಿಳಿ ಎಳೆ. ಫಂಗಸ್! ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳಕ್ಕೇ ಬೂಸ್ಟು ಬರುತ್ತದೆ, ಗಾಜಿಗೆ ಬಾರದೇ? ಅದನ್ನು ಬಿಟ್ಟು ಎರಡನೆಯದಕ್ಕೆ ಹೋದೆ. ಕ್ಯಾಮೆರಾದಲ್ಲಿ ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಸೆನ್ಸರಿನ ಮೇಲೆ ಕಲೆ ಇದೆಯೇ ನೋಡಿದೆ. ಎಲ್ಲ ಗುಂಡಿಗಳನ್ನೂ ಒತ್ತಿದೆ, ಬ್ಯಾಟರಿ ಉಬ್ಬಿಲ್ಲವೆಂದು ಖಾತ್ರಿ ಮಾಡಿಕೊಂಡೆ, ಬಿಲ್ಲಿನ ನಂಬರನ್ನೂ ಕ್ಯಾಮೆರಾದ ನಂಬರನ್ನೂ ತಾಳೆ ಹಾಕಿದೆ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕವನ್ನು ನನ್ನ ವಿದ್ಯಾರ್ಥಿ ಕಂಪ್ಯೂಟರಿಗೆ ಜೋಡಿಸಿ ತೆಗೆದ, 38,000. ಆ ಮಾದರಿಯ ಶಟರನ್ನು ಒಂದು ಲಕ್ಷ ಸಲಕ್ಕೆಂದು ಮಾಡಿರುತ್ತಾರೆ. ನನಗಿಂತ ಹೆಚ್ಚು ಆಯುಷ್ಯ ಅದಕ್ಕಿದೆ.

ಲೆನ್ಸಿಗೆ 19,000, ಕ್ಯಾಮೆರಾಕ್ಕೆ 21,500, ಇನ್ನೊಂದು ಬ್ಯಾಟರಿ ಮತ್ತು ಕಾರ್ಡಿಗೆ 2,800. ಇದು ನನಗೆ ಸಿಕ್ಕ ದರ. ನಿಮ್ಮೂರಲ್ಲಿ ಹೆಚ್ಚುಕಡಿಮೆ ಇದ್ದೀತು. ಉಳಿದ 1,700 ರೂಪಾಯಿಯನ್ನು ಪ್ರಿಂಟಿಗೆಂದು ಎತ್ತಿಟ್ಟೆ. ಹಳೆಯ 1200ಡಿ ಮೊಮ್ಮಗಳ ಪಾಲಾಯಿತು. ಈಗ ಅವೆಲ್ಲ ರಬ್ಬರ್ ಬಿಗಿಯ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗುತ್ತವೆ. ಆ ಡಬ್ಬಿ ಚಕ್ಕುಲಿಯದು. ಮನೆಯಾಕೆ ಇನ್ನೂ ಕ್ಷಮಿಸಿಲ್ಲ.

ಜಿಲ್ಲಾ ಮಟ್ಟದ ದಿನ ಶಿವಮೊಗ್ಗದಲ್ಲಿ ಬೇರೊಂದು ಪೇಚು. 85 ಎಂಎಂ ಲೆನ್ಸಿಗೆ ಜೂಮ್ ಇಲ್ಲ. ದೊಡ್ಡವರ ಖೋ ಖೋ ಅಂಕಣ 27 ಮೀಟರ್ ಉದ್ದ. ಮಕ್ಕಳದು ಅದಕ್ಕಿಂತ ತುಸು ಚಿಕ್ಕದಾದರೂ ಆ ತುದಿಯಲ್ಲಿ ನಡೆದದ್ದು ನನಗಿಲ್ಲ. ಎರಡೂ ಕಡೆ ಓಡಾಡುವ ವಯಸ್ಸೂ ಅಲ್ಲ. ಒಂದು ಕಂಬ ಆರಿಸಿಕೊಂಡು, ಗೆರೆಯಿಂದ ಆಚೆ, ಆರೇಳು ಮೀಟರ್ ದೂರದಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕುಳಿತೆ. ಅಷ್ಟು ದೊಡ್ಡ ಕಿಂಡಿ ತೆರೆದಾಗ ಸ್ಪಷ್ಟವಾಗಿ ಬರುವುದು ಸುಮಾರು ಅರ್ಧ ಮೀಟರ್ ಆಳ ಮಾತ್ರ, ಎಫ್ 2.2ಕ್ಕೆ ಇಳಿಸಿದೆ. ಫೋಕಸ್ ಹಿಡಿಯುವುದು ಎಲ್ಲಿಗೆ? ಆಗ ಆ ಹುಡುಗಿಯ ಮಾತು ನೆನಪಾಯಿತು. ಕಂಬ ಚೆನ್ನಾಗಿ ಬಂದಿದೆ! ಅವಳು ಎಲ್ಲಿಂದಲೇ ಬರಲಿ, ಹಾರುವುದು ಕಂಬದ ಪಕ್ಕಕ್ಕೇ. ಕಂಬಕ್ಕೆ ಫೋಕಸ್ ಮಾಡಿ, ಅಲ್ಲಿಗೇ ನಿಲ್ಲಿಸಿ, ಬೆರಳು ಗುಂಡಿಯ ಮೇಲಿಟ್ಟು ಕಾದೆ.

ಮೊದಲ ಪಂದ್ಯದಲ್ಲಿ ನಾಲ್ಕು ಸಲ ಯಾರ್‍ಯಾರೋ ಹಾರಿದರು. ಎರಡು ಸಲ ನಾನೇ ತಡಮಾಡಿದೆ. ಏಳನೇ ನಂಬರು ಬಂದಾಗ ತಡವಾಗಲಿಲ್ಲ. ಸೆಮಿಫೈನಲ್‌ನಲ್ಲಿ ನಮ್ಮ ಶಾಲೆ ಸೋತಿತು. ಮಕ್ಕಳು ಬಸ್ಸಿನಲ್ಲಿ ಸ್ವಲ್ಪ ಹೊತ್ತು ಅತ್ತು, ಆಯನೂರು ದಾಟುವಷ್ಟರಲ್ಲಿ ಅಂತ್ಯಾಕ್ಷರಿ ಶುರುಮಾಡಿದರು.

ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವ. ವೇದಿಕೆಯ ಚಿತ್ರವೇ ಬೇರೆ ವಿದ್ಯೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಅಗ್ಗದ ಎಲ್‌ಇಡಿ ದೀಪಗಳು ಅದರಿಂದ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಶಟರ್ ಚುರುಕಾದರೆ ಒಂದು ಚಿತ್ರ ಬೆಳಗಿ ಇನ್ನೊಂದು ಮಂಕಾಗುತ್ತದೆ. ಅದಕ್ಕೆ ನೂರರಲ್ಲಿ ಒಂದಕ್ಕೇ ಇಟ್ಟುಕೊಂಡು, ಕುಣಿಯುವ ಮಕ್ಕಳು ಭಂಗಿಯಲ್ಲಿ ಒಂದು ಗಳಿಗೆ ನಿಲ್ಲುತ್ತಾರಲ್ಲ, ಆಗ ಒತ್ತುತ್ತೇನೆ. ಫ್ಲ್ಯಾಶ್ ಹಾಕುವುದಿಲ್ಲ; ಪುಟ್ಟ ಕಣ್ಣುಗಳು ಕುಕ್ಕಿ ಹೆಜ್ಜೆ ತಪ್ಪುತ್ತವೆ.

ಅವತ್ತು ಸಭಾಂಗಣದ ಬಾಗಿಲ ಬಳಿ ಆಟೋಟದ ಚಿತ್ರಗಳನ್ನು ತೂಗುಹಾಕಿದ್ದೆವು. ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಆ ಹುಡುಗಿಯ ಅಜ್ಜಿ ನಡುವಿನ ದೊಡ್ಡ ಚಿತ್ರದ ಮುಂದೆ ನಿಂತರು. ನೆಲಕ್ಕೆ ಸಮನಾಗಿ ಗಾಳಿಯಲ್ಲಿ ಚಾಚಿದ ಮೈ, ಕಚ್ಚಿದ ತುಟಿ, ಎದುರಾಳಿಯ ಬೆನ್ನಿಗೆ ಇನ್ನೊಂದು ಗೇಣು ದೂರದಲ್ಲಿ ಬೆರಳು. ಅವರು ಹತ್ತಿರ ಹೋಗಿ ಚಿತ್ರದ ಕೆಳಭಾಗವನ್ನು ದಿಟ್ಟಿಸಿದರು.

"ಕಾಲು ನೆಲಕ್ಕೇ ತಾಗಿಲ್ವಲ್ಲೇ! ಆಮೇಲೆ ಬಿದ್ಯಾ?"

"ಬಿದ್ದೆ ಅಜ್ಜೀ. ಮೊಣಕೈ ತರಚಿತ್ತಲ್ಲ, ಇದೇ ಅದು."

"ಬಸ್ಸಲ್ಲಿ ಬಾಗಿಲು ತಾಗಿದ್ದು ಅಂದಿದ್ದೆ?"

ಹುಡುಗಿ ನನ್ನತ್ತ ನೋಡಿದಳು. ನಾನು ಕ್ಯಾಮೆರಾದ ಬ್ಯಾಟರಿ ಬದಲಾಯಿಸುವುದರಲ್ಲಿ ಬಹಳ ಮಗ್ನನಾದೆ.